ಲೆವೆಲ್ ಏರಿದ ಮಾತ್ರಕ್ಕೆ ಆರ್‌ಪಿಜಿ ಆಗಲ್ಲ: ನಿಮಗೆ ಯಾವ ಗೇಮ್ ಸರಿ?

ಪಿಸಿ ಗೇಮ್ ಮಾರುವ ಸ್ಟೀಮ್ ಆನ್‌ಲೈನ್ ಅಂಗಡಿಯಲ್ಲಿ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಒಂದು ಪಾತ್ರವೇ ಆಗಿ ಆಡುವ ಆಟ) ಅಂತ ಹುಡುಕಿದರೆ ಬರುವ ಪಟ್ಟಿ ನೋಡಿದ್ದೀರಾ? ರಾಕ್ಷಸರನ್ನು ಕೊಚ್ಚುವ ಗೇಮ್ ಇದೆ, ತರಕಾರಿ ಬೆಳೆಯುವ ಗೇಮ್ ಇದೆ, ಕಾರ್ಡ್ ಇಳಿಸುವ ಗೇಮ್ ಇದೆ. ಎಲ್ಲದಕ್ಕೂ ಅದೇ ಹಣೆಪಟ್ಟಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡು ಬಂದ ಗೆಳೆಯರು "ಒಳ್ಳೇ ಆರ್‌ಪಿಜಿ ಒಂದು ಹೇಳಪ್ಪಾ" ಅಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮಗೆ ಬೇರೆ ಯಾರೋ ಆಗಿ ಬದುಕಿ ನೋಡಬೇಕಾ, ಇಲ್ಲ ಪಾತ್ರದ ಬಲ, ಲೆವೆಲ್ ತೋರಿಸುವ ನಂಬರ್ ಏರುವುದನ್ನು ನೋಡುವ ಖುಷಿ ಬೇಕಾ? ಎರಡರಲ್ಲೂ ತಪ್ಪೇನಿಲ್ಲ. ಆದರೆ ಒಂದನ್ನು ಬಯಸಿ ಇನ್ನೊಂದನ್ನು ಕೊಂಡರೆ ದುಡ್ಡೂ ದಂಡ, ರಜೆಯೂ ದಂಡ.

ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಬೆಳೆದವರಿಗೆ 2004ರ ಜಿಟಿಎ ಸ್ಯಾನ್ ಆಂಡ್ರಿಯಾಸ್ ಗೊತ್ತೇ ಇರುತ್ತದೆ. ಅದರ ನಾಯಕ ಸಿಜೆ ಬರ್ಗರ್ ಜಾಸ್ತಿ ತಿಂದರೆ ದಪ್ಪ ಆಗುತ್ತಾನೆ. ಜಿಮ್‌ಗೆ ಹೋದರೆ ಮೈಕಟ್ಟು ಬರುತ್ತದೆ. ಬೈಕ್ ಓಡಿಸಿದಷ್ಟೂ ಕೈ ಪಳಗುತ್ತದೆ. ನೀರಿನೊಳಗೆ ಉಸಿರು ಹಿಡಿಯುವ ಶಕ್ತಿ ಸಾಲದಿದ್ದರೆ ಒಂದು ಮಿಷನ್ ಶುರುವೇ ಆಗಲ್ಲ. ಇಷ್ಟೆಲ್ಲ ಅಂಕಿ ಇದ್ದರೂ ಅದನ್ನು ಆರ್‌ಪಿಜಿ ಸಾಲಿಗೆ ಸೇರಿಸುವುದಿಲ್ಲ. ಯಾಕೆಂದರೆ ಸಿಜೆ ದಪ್ಪ ಇರಲಿ ಸಣ್ಣ ಇರಲಿ, ಕಥೆಯೊಳಗೆ ಅವನು ಆಡುವ ಮಾತು ಒಂದೇ, ಮಾಡುವ ತೀರ್ಮಾನ ಒಂದೇ. ನಮ್ಮನ್ನು ಯಾರೂ ಏನೂ ಕೇಳಲ್ಲ. (ಆದರೂ ಇವತ್ತು ಆರ್‌ಪಿಜಿ ಅಂತ ಮಾರಾಟ ಆಗುವ ಎಷ್ಟೋ ಗೇಮ್‌ಗಳಿಗಿಂತ ಸಿಜೆ ವಾಸಿ. ದಪ್ಪ ಆದರೆ ರಸ್ತೆಯಲ್ಲಿ ಹೋಗುವವರಾದರೂ ಚುಚ್ಚಿ ಮಾತಾಡುತ್ತಾರೆ.)

ಈಗ ಈ ಅಂಕಿಯ ಹುಚ್ಚು ಎಲ್ಲ ಕಡೆ ಹಬ್ಬಿದೆ. 2007ರ ಕಾಲ್ ಆಫ್ ಡ್ಯೂಟಿ 4ರ ಮಲ್ಟಿಪ್ಲೇಯರ್‌ನಲ್ಲಿ ಲೆವೆಲ್ ಬಂತು. 2018ರ ಗಾಡ್ ಆಫ್ ವಾರ್‌ನಲ್ಲಿ ದೇವರಿಗೇ ಲೆವೆಲ್ ಬಂತು. ಹಾಗಾಗಿ ಲೆವೆಲ್ ಇದೆಯಾ ಇಲ್ವಾ ಅಂತ ನೋಡಿ ಆರಿಸುವ ಕಾಲ ಮುಗಿಯಿತು.

ಅಂಕಿ ಒಂದು ಕಡೆ, ಮಾತು ಒಂದು ಕಡೆ

ಈ ಗೊಂದಲಕ್ಕೆ ಒಂದು ಹಳೇ ಕಾರಣ ಇದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅನ್ನುವ ಇಬ್ಬರು ಅಮೆರಿಕನ್ನರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಜನ, ಕಾಗದ, ಪೆನ್ಸಿಲ್, ದಾಳ. ಆಟ ನಡೆಸುವವನಿಗೆ ಡಂಜನ್ ಮಾಸ್ಟರ್ ಅಂತ ಹೆಸರು. ಬೆಂಗಳೂರಿನ ಬೋರ್ಡ್ ಗೇಮ್ ಕೂಟಗಳಲ್ಲಿ ಇವತ್ತಿಗೂ ಇದನ್ನು ಆಡುತ್ತಾರೆ. ಒಂದು ಸಲ ಪಕ್ಕದಲ್ಲಿ ಕೂತು ನೋಡಿದರೆ ಸಾಕು, ಅರ್ಧ ವಿಷಯ ತಿಳಿಯುತ್ತದೆ.

ಅಲ್ಲಿ ಮಾಸ್ಟರ್ ಎರಡು ಕೆಲಸ ಮಾಡುತ್ತಾನೆ. ಒಂದು, ಲೆಕ್ಕ ಇಡುವುದು. ಯಾರಿಗೆ ಎಷ್ಟು ಪೆಟ್ಟು ಬಿತ್ತು, ದಾಳ ಎಷ್ಟು ಬಂತು, ಯಾರ ಲೆವೆಲ್ ಏರಿತು. ಆ ಆಟ ಹುಟ್ಟಿದ್ದೇ ಮೇಜಿನ ಮೇಲಿನ ಯುದ್ಧದಾಟಗಳಿಂದ, ಹಾಗಾಗಿ ಲೆಕ್ಕ ಜಾಸ್ತಿ. ಇನ್ನೊಂದು, ಕೇಳಿಸಿಕೊಳ್ಳುವುದು. "ನಾನು ಬಾಗಿಲು ಒಡೆಯಲ್ಲ, ಕಾವಲುಗಾರನ ಹತ್ತಿರ ಹೋಗಿ ನಿನ್ನ ಮನೇಲಿ ಹುಷಾರಿಲ್ಲವಂತೆ ಅಂತ ಸುಳ್ಳು ಹೇಳುತ್ತೇನೆ" ಅಂತ ಆಟಗಾರ ಅಂದರೆ, ಮಾಸ್ಟರ್ ಅದನ್ನು ಕೇಳಿ ಅಲ್ಲೇ ಕಥೆ ತಿರುಗಿಸಬೇಕು.

ಕಂಪ್ಯೂಟರಿಗೆ ಮೊದಲನೇ ಕೆಲಸ ಸಲೀಸು, ಎರಡನೆಯದು ಮಹಾ ಕಷ್ಟ. 1981ರಲ್ಲಿ ಬಂದ ಅಲ್ಟಿಮಾ, ವಿಝರ್ಡ್ರಿ ಲೆಕ್ಕವನ್ನು ಚೆನ್ನಾಗಿ ಹೊತ್ತು ತಂದವು. ಅವನ್ನು ಮೆಚ್ಚಿದ ಜಪಾನಿನ ಯೂಜಿ ಹೊರೀ 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಮಾಡಿದರು. ಜಪಾನಿ ಆರ್‌ಪಿಜಿಗಳ ದೊಡ್ಡ ಸಾಲು ಅದರ ಹಿಂದೆಯೇ ಬಂತು. 1996-97ರ ಹೊತ್ತಿಗೆ ಬಂದ ಡಯಾಬ್ಲೊವನ್ನು ಮೊದಲು ಸರದಿ ಪ್ರಕಾರ ಆಡುವ ಗೇಮ್ ಆಗಿ ಯೋಚಿಸಿದ್ದರು. ಆಮೇಲೆ ಅದನ್ನು ಕ್ಲಿಕ್ ಮಾಡಿದ ಕೂಡಲೇ ಹೊಡೆತ ಬೀಳುವ ಹಾಗೆ ಬದಲಾಯಿಸಿದರು. ಅಲ್ಲಿಗೆ ಲೆಕ್ಕ ಉಳಿಯಿತು, ಕೇಳಿಸಿಕೊಳ್ಳುವ ಕಿವಿ ಹೋಯಿತು. ಡಯಾಬ್ಲೊ ಕೆಟ್ಟ ಗೇಮ್ ಅಂತಲ್ಲ. ಶುಕ್ರವಾರ ರಾತ್ರಿ ತಲೆ ಖಾಲಿ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೇದು ಕಮ್ಮಿ. ಆದರೆ ಅಲ್ಲಿ ನಿಮ್ಮ ಪಾತ್ರ ಅಂದರೆ ಕತ್ತಿ ಮತ್ತು ಕವಚ, ಅಷ್ಟೇ.

ಮಾತಿನ ದಾರಿ ಹಿಡಿದದ್ದು 1997ರ ಫಾಲ್‌ಔಟ್. ಅದರಲ್ಲಿ ಬುದ್ಧಿಯ ಅಂಕಿ ತೀರಾ ಕಮ್ಮಿ ಇಟ್ಟು ಆಟ ಶುರು ಮಾಡಿದರೆ ನಿಮ್ಮ ಪಾತ್ರಕ್ಕೆ ಒಂದು ವಾಕ್ಯ ನೆಟ್ಟಗೆ ಬರಲ್ಲ. ಬರೀ ಹೂಂ, ಹಾಂ ಅಂತ ಗುರುಗುಟ್ಟುತ್ತದೆ. ಊರಿನವರು ಅಯ್ಯೋ ಪಾಪ ಅಂತ ನೋಡುತ್ತಾರೆ, ಕೆಲಸ ಕೊಡಲ್ಲ. ಅದೇ ಗೇಮಿನ ಕೊನೆಯಲ್ಲಿ ಮಾಸ್ಟರ್ ಅನ್ನುವ ಶತ್ರು ಇದ್ದಾನೆ. ಮನುಷ್ಯರನ್ನೆಲ್ಲ ಮ್ಯುಟೆಂಟ್‌ಗಳಾಗಿ, ಅಂದರೆ ವಿಕಾರ ರೂಪದ ಜೀವಿಗಳಾಗಿ ಬದಲಾಯಿಸಿ ಹೊಸ ಕುಲ ಕಟ್ಟುವುದು ಅವನ ಹಂಚಿಕೆ. ಆ ಮ್ಯುಟೆಂಟ್‌ಗಳಿಗೆ ಮಕ್ಕಳೇ ಆಗುವುದಿಲ್ಲ ಅನ್ನುವ ಪುರಾವೆ ಹುಡುಕಿ ತಂದು, ಸರಿಯಾಗಿ ಮಾತಾಡಿದರೆ ಅವನು ಒಪ್ಪಿಕೊಳ್ಳುತ್ತಾನೆ. ತಾನು ಮಾಡಿದ್ದೆಲ್ಲ ವ್ಯರ್ಥ ಅಂತ ಕುಸಿದು ತನ್ನ ಕೋಟೆಯನ್ನು ತಾನೇ ನಾಶ ಮಾಡುತ್ತಾನೆ. ಕೊನೇ ಕಾಳಗದಲ್ಲಿ ಒಂದು ಗುಂಡೂ ಹಾರಲ್ಲ. ಬುದ್ಧಿಯಿಲ್ಲದ ಪಾತ್ರ ಕಟ್ಟಿದವರಿಗೆ ಈ ದಾರಿ ಇಲ್ಲ, ಅವರು ಬೇರೆ ದಾರಿ ಹುಡುಕಬೇಕು. ಅಂಕಿ ಇಲ್ಲೂ ಇದೆ, ಅಲ್ವಾ? ಆದರೆ ಇಲ್ಲಿ ಅಂಕಿ ನೀವು ಯಾರು ಅಂತ ಹೇಳುತ್ತದೆ.

ಬಾಗಿಲು ಮುಚ್ಚುತ್ತದಾ ನೋಡಿ

ನನ್ನ ಪರೀಕ್ಷೆ ಸರಳ. ಗೇಮ್ ನಿಮಗೆ "ಇಲ್ಲ, ನಿನ್ನಿಂದ ಆಗಲ್ಲ" ಅನ್ನುತ್ತದಾ? ನೀವು ಇಂಥವರು ಅನ್ನುವ ಕಾರಣಕ್ಕೇ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆಯುತ್ತದಾ? ಎಲ್ಲರಿಗೂ ಎಲ್ಲವನ್ನೂ ಕೊಡುವ ಗೇಮಿನಲ್ಲಿ ಪಾತ್ರ ಅನ್ನುವುದು ಬರೀ ಬಟ್ಟೆ.

ಒಂದೇ ಕಂಪನಿ, ಅಂದರೆ ಬೆಥೆಸ್ಡಾ, ಮಾಡಿದ ಎರಡು ಗೇಮ್ ಪಕ್ಕಪಕ್ಕ ಇಟ್ಟು ನೋಡಿ. 2011ರ ಸ್ಕೈರಿಮ್‌ನಲ್ಲಿ ಮಂತ್ರವಾದಿಗಳ ಕಾಲೇಜಿದೆ. ಬಾಗಿಲಲ್ಲಿ ಒಂದು ಚಿಕ್ಕ ಮಂತ್ರ ಮಾಡಿ ತೋರಿಸಿದರೆ ಒಳಗೆ ಬಿಡುತ್ತಾರೆ. ಆಮೇಲೆ ಕೊಡಲಿ ಬೀಸಿಕೊಂಡೇ ಅಲ್ಲಿನ ಕೆಲಸಗಳನ್ನು ಮುಗಿಸಿ ಆ ಕಾಲೇಜಿಗೇ ಮುಖ್ಯಸ್ಥ ಆಗಬಹುದು. ಅದೇ ವಾರ ಯೋಧರ ಪಡೆಗೂ ನೀವೇ ನಾಯಕ, ಕಳ್ಳರ ಸಂಘಕ್ಕೂ ನೀವೇ ಯಜಮಾನ. ಯಾರೂ ಹುಬ್ಬೇರಿಸಲ್ಲ. 2002ರ ಮಾರೋವಿಂಡ್‌ನಲ್ಲಿ ಹೀಗೆ ನಡೆಯಲ್ಲ. ಸಂಘದಲ್ಲಿ ಮೇಲಿನ ಹುದ್ದೆ ಬೇಕಾದರೆ ಆ ಸಂಘದ ವಿದ್ಯೆ ನಿಮಗೆ ನಿಜವಾಗಿ ಬರಬೇಕು. ಅಲ್ಲಿನ ಮೂರು ದೊಡ್ಡ ಮನೆತನಗಳಲ್ಲಿ ಒಂದಕ್ಕೆ ಸೇರಿದರೆ ಉಳಿದೆರಡರ ಬಾಗಿಲು ಬಂದ್.

ಹಾಗಂತ ಎಲ್ಲರಿಗೂ ಮಾರೋವಿಂಡ್ ಕೊಳ್ಳಿ ಅಂತ ನಾನು ಹೇಳಲ್ಲ. ಅದು ಹಳೇ ಗೇಮ್. ಕಣ್ಣೆದುರೇ ಕತ್ತಿ ತಾಗಿದ ಹಾಗೆ ಕಂಡರೂ ಒಳಗೆ ದಾಳ ಕೆಟ್ಟದಾಗಿ ಬಿದ್ದರೆ ಹೊಡೆತ ತಪ್ಪಿಹೋಗುತ್ತದೆ. ಇದಕ್ಕೆ ತಲೆ ಕೆಟ್ಟು ಬಿಟ್ಟವರು ಬಹಳ. ಸುಮ್ನೆ ಬೆಟ್ಟ ಹತ್ತಿ, ಮಂಜು ನೋಡಿ, ಗುಹೆ ಸಿಕ್ಕರೆ ನುಗ್ಗುವ ಆಸೆ ಇದ್ದರೆ ಸ್ಕೈರಿಮ್ ಇವತ್ತಿಗೂ ಸೊಗಸು. ಆದರೆ ಅದು ನನ್ನ ಲೆಕ್ಕದಲ್ಲಿ ಸುತ್ತಾಟದ ಗೇಮ್.

ಬಾಲ್ಡರ್ಸ್ ಗೇಟ್ 3 ಅಥವಾ ವಿಚರ್ 3?

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಹಾಗಾಗಿ ಇದಕ್ಕೆ ಸ್ವಲ್ಪ ಜಾಗ ಕೊಡುತ್ತೇನೆ.

ಬಾಲ್ಡರ್ಸ್ ಗೇಟ್ 3 ಮಾಡಿದ್ದು ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್, ಪಿಸಿಗೆ ಬಂದದ್ದು 2023ರ ಆಗಸ್ಟಿನಲ್ಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮಗಳ ಮೇಲೆ ಕಟ್ಟಿದ ಗೇಮ್ ಇದು. ಮಾತಿನ ಮಧ್ಯೆ ಇಪ್ಪತ್ತು ಮುಖದ ದಾಳ ಪರದೆ ಮೇಲೇ ಉರುಳುತ್ತದೆ. ಒಂದು ಬಿದ್ದರೆ ನೀವೆಷ್ಟೇ ಚತುರರಾಗಿದ್ದರೂ ಸೋಲು. ಇದರ ಕಿವಿ ಎಷ್ಟು ಚುರುಕು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಸತ್ತವರ ಜೊತೆ ಮಾತಾಡುವ ಒಂದು ಮಂತ್ರ ಇದೆ. ಆದರೆ ಆ ಮನುಷ್ಯನನ್ನು ಕೊಂದವರು ನೀವೇ ಆಗಿದ್ದರೆ ಹೆಣ ನಿಮ್ಮ ಜೊತೆ ಮಾತಾಡಲ್ಲ. ಕೊಂದವನಿಗೆ ಯಾಕೆ ಉತ್ತರ ಕೊಡಬೇಕು? ಆಗ ನೀವು ಮಾಯದಿಂದ ಮುಖ ಬದಲಾಯಿಸಿಕೊಂಡು ಹೋದರೆ ಹೆಣ ಮೋಸ ಹೋಗಿ ಬಾಯಿ ಬಿಡುತ್ತದೆ. ಮೇಜಿನ ಆಟದಲ್ಲಿ ಮಾಸ್ಟರ್ ನಕ್ಕು ಒಪ್ಪಿಕೊಳ್ಳುವಂಥ ಕಿಲಾಡಿತನವನ್ನು ಈ ಗೇಮ್ ಮೊದಲೇ ಯೋಚಿಸಿ ಇಟ್ಟಿದೆ. ನೀವು ತೀರಾ ಕೆಟ್ಟ ದಾರಿ ಹಿಡಿದರೆ ಜೊತೆಗಾರರಲ್ಲೇ ಕೆಲವರು ಬಿಟ್ಟು ಹೋಗುತ್ತಾರೆ, ಅವರ ಕಥೆಯೂ ಅವರ ಜೊತೆಗೇ ಹೋಗುತ್ತದೆ.

ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ, ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್‌ನಿಂದ. ಇಲ್ಲಿ ಪಾತ್ರ ಕಟ್ಟುವ ಅವಕಾಶವೇ ಇಲ್ಲ. ನೀವು ಗೆರಾಲ್ಟ್. ಬಿಳಿ ಕೂದಲು, ಬೆನ್ನಿಗೆ ಎರಡು ಕತ್ತಿ, ಮುಗಿಯಿತು. ಹಾಗಾದರೆ ಇದು ನಿಜವಾದ ಆರ್‌ಪಿಜಿನಾ? ಹೊರದೇಶದ ಎಷ್ಟೋ ಜನ ಅಲ್ಲ ಅನ್ನುತ್ತಾರೆ. ನಾನು ಹೌದು ಅನ್ನುತ್ತೇನೆ. ಇದಕ್ಕೆ ನನಗೆ ಧೈರ್ಯ ಕೊಡುವುದು ಯಕ್ಷಗಾನದ ಪ್ರಸಂಗವನ್ನು ಕೂತು ಮಾತಲ್ಲೇ ನಡೆಸುವ ನಮ್ಮ ತಾಳಮದ್ದಳೆ.

ತಾಳಮದ್ದಳೆಯಲ್ಲಿ ಪ್ರಸಂಗ ಮೊದಲೇ ನಿಗದಿ. ವಾಲಿ ಮೋಕ್ಷ ಅಂದರೆ ವಾಲಿ ಸಾಯಲೇಬೇಕು, ಪಾತ್ರದ ಮಾತಾಡುವ ಯಾವ ಅರ್ಥಧಾರಿಯೂ ಅದನ್ನು ಬದಲಾಯಿಸಲಾರ. ವೇಷವೂ ಇಲ್ಲ, ಕುಣಿತವೂ ಇಲ್ಲ. ಆದರೆ ಬಾಣ ನೆಟ್ಟ ಎದೆಯಲ್ಲಿ ವಾಲಿ ರಾಮನಿಗೆ ಏನು ಕೇಳುತ್ತಾನೆ, ಸಿಟ್ಟಲ್ಲಿ ಕೇಳುತ್ತಾನಾ, ವ್ಯಂಗ್ಯದಲ್ಲಾ, ರಾಮ ಅದಕ್ಕೆ ತಡವರಿಸುತ್ತಾನಾ, ಇದೆಲ್ಲ ಆ ರಾತ್ರಿ ಕೂತವರ ಕೈಯಲ್ಲಿದೆ. ಬೆಂಗಳೂರಿನಲ್ಲಿ ಕರಾವಳಿ, ಮಲೆನಾಡಿನ ಜನ ಸೇರಿ ನಡೆಸುವ ಕೂಟಗಳಿಗೆ ಹೋದವರಿಗೆ ಇದು ಹೊಸದಲ್ಲ. ಒಬ್ಬರ ವಾಲಿಗೂ ಇನ್ನೊಬ್ಬರ ವಾಲಿಗೂ ಹೋಲಿಕೆಯೇ ಇರಲ್ಲ.

ಗೆರಾಲ್ಟ್ ಹಾಗೇ. ಅವನು ರಾಕ್ಷಸರನ್ನು ಬೇಟೆಯಾಡುವ ಕೂಲಿ ಅನ್ನುವುದು ನಿಗದಿ. ಒಂದು ದಿಬ್ಬದೊಳಗೆ ಮರದ ಬೇರಿಗೆ ಸಿಕ್ಕಿಬಿದ್ದ ಒಂದು ಶಕ್ತಿ "ನನ್ನನ್ನು ಬಿಡಿಸು, ಅಪಾಯದಲ್ಲಿರುವ ಮಕ್ಕಳನ್ನು ಉಳಿಸುತ್ತೇನೆ" ಅನ್ನುತ್ತದೆ. ನಂಬುವುದಾ, ಕೊಲ್ಲುವುದಾ? ಬಿಡಿಸಿದರೆ ಮಕ್ಕಳು ಉಳಿಯಬಹುದು, ಆದರೆ ಒಂದು ಹಳ್ಳಿಗೆ ಆಪತ್ತು ಬರುತ್ತದೆ. ಫಲ ಗೊತ್ತಾಗುವುದು ಎಷ್ಟೋ ಹೊತ್ತಿನ ನಂತರ, ನೀವು ಅದನ್ನು ಮರೆತು ಬೇರೆ ಕೆಲಸದಲ್ಲಿದ್ದಾಗ. ಸೇವ್ ಮಾಡಿದ್ದಕ್ಕೆ ಹಿಂದೆ ಹೋಗೋಣ ಅಂದರೆ ಅಷ್ಟು ಹೊತ್ತಿನ ಆಟ ಹೋಗುತ್ತದೆ.

ಹಾಗಾಗಿ ಎಷ್ಟು ಕೊನೆಗಳಿವೆ ಅಂತ ಎಣಿಸಿ ಗೇಮ್ ಆರಿಸಬೇಡಿ. ಹೊಸ ಪಾತ್ರ ಕಟ್ಟುವ ಆಸೆ, ಸರದಿ ಪ್ರಕಾರ ನಿಧಾನ ಯೋಚಿಸಿ ಆಡುವ ತಾಳ್ಮೆ ಇದ್ದರೆ ಬಾಲ್ಡರ್ಸ್ ಗೇಟ್ 3. ಒಬ್ಬ ಗಟ್ಟಿ ಮನುಷ್ಯನೊಳಗೆ ಹೊಕ್ಕು ಒಳ್ಳೇ ಕಥೆ ಕೇಳುವ ಆಸೆ, ಕೈಯಲ್ಲಿ ನೇರ ಕತ್ತಿ ವರಸೆ ಬೇಕಿದ್ದರೆ ವಿಚರ್ 3. ಒಂದನ್ನೇ ಹೇಳು ಅಂದರೆ, ಮೊದಲ ಸಲದವರಿಗೆ ನಾನು ವಿಚರ್ ಕೊಡುತ್ತೇನೆ. ಬಾಲ್ಡರ್ಸ್ ಗೇಟ್ ಶುರುವಿನಲ್ಲೇ ಜನಾಂಗ, ವರ್ಗ, ಮಂತ್ರ ಅಂತ ಇಷ್ಟುದ್ದ ಪಟ್ಟಿ ಮುಂದಿಡುತ್ತದೆ, ಹೊಸಬರು ಅಲ್ಲೇ ಸುಸ್ತು.

ಉಳಿದವು

ಎಲ್ಡನ್ ರಿಂಗ್ (2022) ಅಭಿಮಾನಿಗಳು ಸಿಟ್ಟಾಗಲಿ, ನನ್ನ ಪ್ರಕಾರ ಅದು ಅರ್ಧ ಆರ್‌ಪಿಜಿ. ಅಲ್ಲಿ ಅಂಕಿಗೆ ನಿಜವಾದ ತೂಕ ಇದೆ. ಬಲ ಸಾಲದಿದ್ದರೆ ಭಾರದ ಖಡ್ಗ ಕೈಗೆ ಒಗ್ಗಲ್ಲ, ಬುದ್ಧಿಗೆ ಅಂಕ ಹಾಕದವರಿಗೆ ದೊಡ್ಡ ಮಂತ್ರ ದಕ್ಕಲ್ಲ. ಬಾಗಿಲು ಮುಚ್ಚುವ ಪರೀಕ್ಷೆಯಲ್ಲಿ ಅರ್ಧ ಪಾಸು. ಆದರೆ ನಿಮ್ಮ ಪಾತ್ರಕ್ಕೆ ಬಾಯಿ ಇಲ್ಲ. ಯಾರು ಏನೇ ಹೇಳಿದರೂ ಕೇಳಿಸಿಕೊಂಡು ಮುಂದೆ ಹೋಗುವುದೇ ಜಾಸ್ತಿ. ಕೈಚಳಕ, ಹಠ ಇರುವವರು ಕಣ್ಣು ಮುಚ್ಚಿ ತಗೊಳ್ಳಿ.

ಇದಕ್ಕೆ ಪೂರ್ತಿ ಉಲ್ಟಾ 2019ರ ಡಿಸ್ಕೋ ಎಲಿಸಿಯಂ. ಇದರಲ್ಲಿ ಬಾಯಿ ಮಾತ್ರ ಇದೆ, ಕತ್ತಿ ಇಲ್ಲ. ಕುಡಿದು ನೆನಪೇ ಕಳೆದುಕೊಂಡ ಒಬ್ಬ ಪತ್ತೇದಾರ ಹೋಟೆಲ್ ರೂಮಿನಲ್ಲಿ ಏಳುತ್ತಾನೆ. ಅವನ 24 ಗುಣಗಳು ತಲೆಯೊಳಗೆ ಒಂದೊಂದೂ ಬೇರೆ ದನಿಯಲ್ಲಿ ಕೂಗುತ್ತವೆ. ತಿರುಗುವ ಫ್ಯಾನಿಗೆ ಅವನ ಟೈ ಸಿಕ್ಕಿಕೊಂಡಿದೆ. ಮೈಬಲಕ್ಕೆ ಅಂಕ ಕೊಡದೆ ಬರೀ ಬುದ್ಧಿವಂತನನ್ನು ಕಟ್ಟಿದ್ದರೆ ಆ ಟೈ ಎಳೆಯಲು ಹೋಗಿ ಎದೆ ಹಿಡಿದು ಸತ್ತೇಹೋಗಬಹುದು, ಆಟ ಶುರುವಾಗಿ ಐದು ನಿಮಿಷದಲ್ಲಿ. ಕೆಲವು ಪರೀಕ್ಷೆಗಳನ್ನು ಮತ್ತೆ ಪ್ರಯತ್ನಿಸಬಹುದು, ಕೆಂಪು ಬಣ್ಣದವು ಒಂದೇ ಸಲ. ಸೋತರೂ ಕಥೆ ನಿಲ್ಲಲ್ಲ, ಎಷ್ಟೋ ಸಲ ಸೋಲೇ ಜಾಸ್ತಿ ಮಜಾ. ನನ್ನ ಕಣ್ಣಲ್ಲಿ ಈ ಪಟ್ಟಿಯ ಅಪ್ಪಟ ಆರ್‌ಪಿಜಿ ಇದೇ. ಆದರೆ ಓದುವುದು ಸಿಕ್ಕಾಪಟ್ಟೆ ಇದೆ, ಇಂಗ್ಲಿಷೂ ಗಟ್ಟಿ.

ಪರ್ಸೋನಾ 5 ರಾಯಲ್‌ನಲ್ಲಿ ನೀವು ಟೋಕಿಯೋದ ಹೈಸ್ಕೂಲ್ ಹುಡುಗ. ಕಥೆ ನೆಟ್ಟಗೆ ಒಂದೇ ಗೆರೆಯಲ್ಲಿ ಹೋಗುತ್ತದೆ. ಆದರೆ ಕ್ಯಾಲೆಂಡರ್ ನಿಮ್ಮನ್ನು ಕಾಡುತ್ತದೆ. ಸ್ಕೂಲ್ ಬಿಟ್ಟ ಮೇಲೆ ಓದಬೇಕಾ, ಪಾರ್ಟ್ ಟೈಮ್ ಕೆಲಸಕ್ಕೆ ಹೋಗಬೇಕಾ, ಗೆಳೆಯನ ಕಷ್ಟ ಕೇಳಬೇಕಾ? ಎಲ್ಲದಕ್ಕೂ ಸಂಜೆ ಸಾಲಲ್ಲ. ಧೈರ್ಯ ಸಾಲದಿದ್ದರೆ ಕೆಲವರ ಸ್ನೇಹ ಮುಂದುವರಿಯಲ್ಲ. ಸಮಯದಿಂದಲೇ ಬಾಗಿಲು ಮುಚ್ಚುವ ಈ ಜಾಣತನ ನನಗೆ ಬಹಳ ಇಷ್ಟ.

ಸೈಬರ್‌ಪಂಕ್ 2077ರಲ್ಲಿ ಮೂರು ಬೇರೆ ಬೇರೆ ಹುಟ್ಟು ಆರಿಸಬಹುದು, ಆದರೆ ಮೂರೂ ಬೇಗನೇ ಒಂದೇ ರಸ್ತೆಗೆ ಬಂದು ಸೇರುತ್ತವೆ. ಊರು ಮಾತ್ರ ಅದ್ಭುತ. 2023ರ ಸೆಪ್ಟೆಂಬರಿನ 2.0 ಅಪ್‌ಡೇಟ್ ಆದ ಮೇಲೆ ಆಡುವುದಕ್ಕೂ ಚೆನ್ನಾಗಿದೆ. ಗೆನ್‌ಶಿನ್ ಇಂಪ್ಯಾಕ್ಟ್ ಫ್ರೀ, ಫೋನಲ್ಲೂ ಓಡುತ್ತದೆ, ಕಣ್ಣಿಗೆ ಹಬ್ಬ. ಆದರೆ ಹೊಸ ಪಾತ್ರಗಳು ಲಾಟರಿಯ ಹಾಗೆ ಬರುತ್ತವೆ, ಪರ್ಸ್ ಮೇಲೆ ಕಣ್ಣಿರಲಿ.

ನಿಮ್ಮ ಮನೆ, ನಿಮ್ಮ ಲ್ಯಾಪ್‌ಟಾಪ್

ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿ ಅನ್ನುವ ವೇಗದ ಡ್ರೈವಿನಲ್ಲಿ. ಪಿಜಿಯ ವೈಫೈನಲ್ಲಿ ನಾಲ್ಕು ಜನರ ಜೊತೆ ಹಂಚಿಕೊಂಡು ಇಳಿಸುತ್ತೀರಾದರೆ ರಾತ್ರಿ ಹಚ್ಚಿಟ್ಟು ಮಲಗಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾದಾ ಲ್ಯಾಪ್‌ಟಾಪ್ ಇದ್ದವರು ಕೊರಗಬೇಕಿಲ್ಲ. ಮಾತಿನ ಆರ್‌ಪಿಜಿಗಳು ಹೆಚ್ಚಾಗಿ ಹಗುರ. 2010ರ ಫಾಲ್‌ಔಟ್ ನ್ಯೂ ವೇಗಸ್ ಹಳೇ ಯಂತ್ರದಲ್ಲೂ ಓಡುತ್ತದೆ. ಮಧ್ಯೆ ಮಧ್ಯೆ ಕೈಕೊಡುತ್ತದೆ ನಿಜ, ಆದರೆ ನಾಲ್ಕು ಬಣಗಳಲ್ಲಿ ಯಾರ ಪಕ್ಷ ಅನ್ನುವ ಪ್ರಶ್ನೆಯನ್ನು ಅಷ್ಟು ಚೆನ್ನಾಗಿ ಕೇಳಿದ ಗೇಮ್ ಕಮ್ಮಿ. ಟೋಬಿ ಫಾಕ್ಸ್ ಮಾಡಿದ 2015ರ ಅಂಡರ್‌ಟೇಲ್ ಎಂಥ ಡಬ್ಬಾದಲ್ಲೂ ಓಡುತ್ತದೆ. ಒಂದು ಜೀವವನ್ನೂ ಕೊಲ್ಲದೆ ಅದನ್ನು ಮುಗಿಸಬಹುದು. ಕೊಂದು, ಮನಸ್ಸು ಕೆಟ್ಟು, ಹಳೇ ಸೇವ್‌ಗೆ ಹೋಗಿ ಉಳಿಸಿದರೂ ಗೇಮ್ ಅದನ್ನು ನೆನಪಿಟ್ಟುಕೊಂಡು ನಿಮ್ಮನ್ನು ಆಡಿಕೊಳ್ಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಇದರಿಂದ ಶುರು ಮಾಡಿ. ವಿಚರ್, ಸೈಬರ್‌ಪಂಕ್, ಬಾಲ್ಡರ್ಸ್ ಗೇಟ್ ಮೂರೂ ದೊಡ್ಡವರಿಗೆ ಮಾತ್ರ.

ಮಳೆಗಾಲದಲ್ಲಿ ಕರೆಂಟ್ ಹೋಗುವ ಏರಿಯಾದಲ್ಲಿದ್ದೀರಾ? ಯುಪಿಎಸ್ ಇಲ್ಲದಿದ್ದರೆ ಪರ್ಸೋನಾದಂಥ ಗೇಮ್ ಹುಷಾರು, ಉದ್ದದ ದೃಶ್ಯಗಳ ಮಧ್ಯೆ ಸೇವ್ ಮಾಡಲು ಆಗಲ್ಲ. ವೈಟ್‌ಫೀಲ್ಡಿಗೆ ನೇರಳೆ ಮಾರ್ಗದ ಮೆಟ್ರೋದಲ್ಲಿ ದಿನಾ ಓಡಾಡುವವರಿಗೆ ಫೋನಿನಲ್ಲೇ ಹಳೇ ಚಿನ್ನ ಇದೆ. ಮೊದಲ ಬಾಲ್ಡರ್ಸ್ ಗೇಟ್ (1998), 2003ರ ಸ್ಟಾರ್ ವಾರ್ಸ್ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ ಎರಡೂ ಫೋನಿಗೆ ಬಂದಿವೆ. ಯಾವಾಗ ಬೇಕಾದರೂ ನಿಲ್ಲಿಸಿ ಸ್ಟೇಷನ್ ಇಳಿಯಬಹುದು. ಅಕ್ಷರ ಮಾತ್ರ ಚಿಕ್ಕದು.

ಇಲ್ಲಿ ಹೇಳಿದ ಯಾವ ಗೇಮಿನಲ್ಲೂ ಕನ್ನಡ ಇಲ್ಲ. ಇಂಗ್ಲಿಷ್ ಓದುವುದು ನಿಧಾನ ಅನ್ನುವವರಿಗೆ ಎಲ್ಡನ್ ರಿಂಗ್ ಸುಲಭ, ಮಾತೇ ಕಮ್ಮಿ. ವಿಚರ್‌ನಲ್ಲಿ ಎಲ್ಲ ಸಂಭಾಷಣೆಗೂ ದನಿ ಇದೆ, ಕೆಳಗೆ ಅಕ್ಷರ ಬರುತ್ತದೆ, ಕೇಳುತ್ತಾ ಓದುತ್ತಾ ಹೋಗಬಹುದು. ಡಿಸ್ಕೋ ಎಲಿಸಿಯಂ ಕೊನೆಗೆ ಇಟ್ಟುಕೊಳ್ಳಿ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಆರ್‌ಪಿಜಿಗೆ ಎರಡು ಗಂಟೆ ಏನೂ ಅಲ್ಲ. ಆದರೂ ಆ ಹೊತ್ತಿನಲ್ಲಿ ಒಂದು ಕೆಲಸ ಮಾಡಿ. ಮೊದಲು ಸಿಗುವ ಊರಿನಲ್ಲಿ ಒಬ್ಬರ ಹತ್ತಿರ ಮರ್ಯಾದೆಯಿಂದ ಮಾತಾಡಿ, ಆಮೇಲೆ ಸೇವ್‌ಗೆ ವಾಪಸ್ ಹೋಗಿ ಅವರಿಗೇ ಒರಟಾಗಿ ಉತ್ತರ ಕೊಡಿ. ಎರಡು ಸಲವೂ ಅದೇ ಕೆಲಸ, ಅದೇ ಕೂಲಿ ಕೊಟ್ಟು ಕಳಿಸಿದರೆ ಆ ಗೇಮಿನ ಕಿವಿ ಮಂದ ಅಂತ ಲೆಕ್ಕ. ಬಾಲ್ಡರ್ಸ್ ಗೇಟ್ 3ರಲ್ಲಿ ಮಾತ್ರ ಒಂದು ಎಚ್ಚರ: ಮೂಗು, ಕೂದಲು, ಕೊಂಬು ಆರಿಸುವುದರಲ್ಲೇ ಒಂದು ಗಂಟೆ ಹಾರಿಹೋಗುತ್ತದೆ, ಅದೂ ಆಡಿದ ಹೊತ್ತಿಗೆ ಸೇರುತ್ತದೆ. ಮೊದಲ ಸಲ ಅವರೇ ಕೊಟ್ಟಿರುವ ಸಿದ್ಧ ಪಾತ್ರಗಳಲ್ಲಿ ಒಂದನ್ನು ತಗೊಂಡು ಒಳಗೆ ಹೋಗಿ ನೋಡಿ. ಹಿಡಿಸಿದರೆ ಆಮೇಲೆ ಕೊಂಬು ಆರಿಸುತ್ತಾ ಎಷ್ಟು ಹೊತ್ತು ಬೇಕಾದರೂ ಕೂರಿ.